ಎರೆನೆಲದ ಸೂಜಿಗಲ್ಲು: ಲೋಹಭಸ್ಮಗಳ ಅಯಸ್ಕಾಂತಗುಣದಲ್ಲಿ ವಿದ್ಯುತ್ಕಣಗಳ ವಿರೋಧವೂ ಸ್ಫಟಿಕದ ಕಂಪನವೂ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸೀಮೆಯನ್ನು ಒಂದು ದಿನದಲ್ಲಿ ಸುತ್ತಿ ಬರುವವನಿಗೆ ಎರಡು ವಿಧದ ನೆಲಗಳು ಎದುರಾಗುತ್ತವೆ. ಗೋಕಾಕದ ಬಳಿಯಲ್ಲಿ ಘಟಪ್ರಭೆಯು ಸುಮಾರು ೧೭೦ ಅಡಿಗಳ ಎತ್ತರದಿಂದ ಧುಮುಕುವ ಬಂಡೆಯು ಬಹು ಪ್ರಾಚೀನವಾದ ಮರಳುಗಲ್ಲು. ೧೮೭೬ರಲ್ಲಿ ಈ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತು ಗ್ರಂಥ ಬರೆದ ರಾಬರ್ಟ್ ಬ್ರೂಸ್ ಫೂಟ್ ಎಂಬ ಪಂಡಿತನು ವರ್ಣಿಸಿದ ಕಲಾದಗಿ ಶಿಲಾವರ್ಗದ ಪ್ರಾಂತವಿದು. ಅದರ ಮೈಮೇಲೆ ಅಲ್ಲಲ್ಲಿ ಕೆಂಪಿನ ಛಾಯೆ ಹರಡಿರುತ್ತದೆ. ಹುಕ್ಕೇರಿಯ ಕಡೆಗೂ ಮೂಡಲಗಿಯ ಕಡೆಗೂ ಹೋದರೆ ಕರಿಕಲ್ಲೂ, ಆ ಕರಿಕಲ್ಲು ಸವೆದು ಉಂಟಾದ ಎರೆಭೂಮಿಯೂ ಕಾಣುತ್ತವೆ. ದಕ್ಷಿಣಾಪಥದ ಅಗ್ನಿಶಿಲೆಯ ಹಾಸು ಇಲ್ಲಿ ತನ್ನ ದಕ್ಷಿಣದ ಅಂಚನ್ನು ಸಮೀಪಿಸುತ್ತದೆ.

ಮಳೆಗಾಲ ಮುಗಿದ ಮೇಲೆ ಈ ಕರಿಕಲ್ಲಿನ ಸೀಮೆಯ ಯಾವುದಾದರೂ ಹಳ್ಳದ ಮರಳನ್ನು ನೋಡಿದರೆ ಅದರಲ್ಲಿ ಕಪ್ಪು ಎಳೆಗಳು ಎದ್ದು ತೋರುತ್ತವೆ. ಕಾಗದದಲ್ಲಿ ಸುತ್ತಿದ ಸೂಜಿಗಲ್ಲೊಂದನ್ನು ಆ ಮರಳಿನಲ್ಲಿ ಎಳೆದರೆ ಕಪ್ಪು ಕಣಗಳು ನೆಗೆದು ಬಂದು ಅದಕ್ಕೆ ರೋಮದಂತೆ ನಿಮಿರಿ ನಿಲ್ಲುತ್ತವೆ. ಅದೇ ಸೂಜಿಗಲ್ಲನ್ನು ಗೋಕಾಕದ ಕೆಂಪು ಛಾಯೆಯ ಮರಳುಗಲ್ಲಿನ ಪುಡಿಯಲ್ಲಿ ಆಡಿಸಿದರೆ ಏನೂ ಅಂಟುವುದಿಲ್ಲವೆಂದೇ ಹೇಳಬಹುದು. ಆ ಕೆಂಪೂ ಕಬ್ಬಿಣದ ಭಸ್ಮವೇ, ಈ ಕಪ್ಪೂ ಕಬ್ಬಿಣದ ಭಸ್ಮವೇ. ಎರಡರಲ್ಲಿಯೂ ಇರುವುದು ಕಬ್ಬಿಣ ಮತ್ತು ಆಮ್ಲಜನಕಗಳು ಮಾತ್ರ. ಹೀಗಿರುವಲ್ಲಿ ಒಂದು ಸೂಜಿಗಲ್ಲಿಗೆ ಓಗೊಡುವುದಕ್ಕೂ ಮತ್ತೊಂದು ಸುಮ್ಮನಿರುವುದಕ್ಕೂ ಕಾರಣವೇನು? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು ೨೦ನೆಯ ಶತಮಾನದ ನಡುವಿನಲ್ಲಿ. ಅದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯು, ಎಂದರೆ ಈ ಕಪ್ಪು ಭಸ್ಮದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಮತ್ತು ಚಳಿಯಲ್ಲಿ ಏಕೆ ನಿಂತುಹೋಗುತ್ತದೆ ಎಂಬುದು, ಎಪ್ಪತ್ತು ವರ್ಷಗಳಿಗೂ ಮೀರಿ ವಿದ್ವಾಂಸರನ್ನು ಕಾಡಿತು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನೀಗಿಕೊಳ್ಳುವುದು ಒಳ್ಳೆಯದು. ಎರೆಯ ಮಣ್ಣು ಕಪ್ಪಾಗಿರುವುದು ಅದರಲ್ಲಿರುವ ಸೂಜಿಗಲ್ಲಿನ ಪುಡಿಯಿಂದಲೇ ಎಂದು ಹಿಂದೆ ಕೆಲವರು ಭಾವಿಸಿದ್ದುಂಟು. ಆ ಕಣಗಳು ಮಣ್ಣಿನಲ್ಲಿರುವುದು ನಿಜ. ಆದರೆ ಬಣ್ಣಕ್ಕೆ ಮುಖ್ಯ ಕಾರಣವು ಜೇಡಿಯ ಅತಿಸೂಕ್ಷ್ಮ ಕಣಗಳೊಡನೆ ಗಾಢವಾಗಿ ಬೆರೆತುಕೊಂಡಿರುವ, ಸಸ್ಯಗಳು ಕೊಳೆತು ಉಂಟಾದ ದ್ರವ್ಯ. ಕಪ್ಪು ಕಂಡಲ್ಲೆಲ್ಲ ಸೂಜಿಗಲ್ಲನ್ನು ಕಾಣತಕ್ಕದ್ದಲ್ಲ.

ಕೆಂಪು ಭಸ್ಮಕ್ಕೆ ಹೆಮಟೈಟು ಎಂದೂ, ಕಪ್ಪು ಭಸ್ಮಕ್ಕೆ ಮ್ಯಾಗ್ನಟೈಟು ಎಂದೂ ಹೆಸರು. ಹೆಮಟೈಟಿನಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕ; ಮ್ಯಾಗ್ನಟೈಟಿನಲ್ಲಿ ಮೂರಕ್ಕೆ ನಾಲ್ಕು. ಆಮ್ಲಜನಕದ ಪ್ರತಿಯೊಂದು ಪರಮಾಣುವೂ ಎರಡು ವಿದ್ಯುತ್ಕಣಗಳನ್ನು, ಎಂದರೆ ಎಲೆಕ್ಟ್ರಾನುಗಳನ್ನು, ಕಬ್ಬಿಣದಿಂದ ಸೆಳೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಹೆಮಟೈಟಿನ ಕಬ್ಬಿಣವೆಲ್ಲವೂ ತಲಾ ಮೂರು ಕಣಗಳನ್ನು ಕಳೆದುಕೊಂಡಿರುತ್ತದೆ. ಇದನ್ನು ತ್ರಿಸಂಯೋಗಿ ಕಬ್ಬಿಣವೆನ್ನೋಣ. ಮ್ಯಾಗ್ನಟೈಟಿನಲ್ಲಾದರೋ ಮೂರರಲ್ಲಿ ಎರಡು ತ್ರಿಸಂಯೋಗಿ, ಒಂದು ಮಾತ್ರ ಎರಡೇ ಕಣಗಳನ್ನು ಕಳೆದುಕೊಂಡ ದ್ವಿಸಂಯೋಗಿ. ಈ ಒಂದು ಹೆಚ್ಚುವರಿ ಕಣವೇ ಮುಂದಿನ ಕಥೆಗೆಲ್ಲ ಮೂಲ.

ಕಬ್ಬಿಣದ ಪರಮಾಣುವಿನ ಹೊರವಲಯದಲ್ಲಿ ವಿದ್ಯುತ್ಕಣಗಳಿಗೆ ಐದು ಮನೆಗಳಿವೆ. ಒಂದೊಂದು ಮನೆಯಲ್ಲಿ ಹೆಚ್ಚೆಂದರೆ ಎರಡು ಕಣಗಳಿರಬಹುದು, ಅದೂ ಅವುಗಳ ಸ್ವಭ್ರಮಣವು ಪರಸ್ಪರ ವಿರುದ್ಧವಾಗಿದ್ದರೆ ಮಾತ್ರ. ಪ್ರತಿಯೊಂದು ಕಣವೂ ತನ್ನ ಭ್ರಮಣದಿಂದ ಒಂದು ಅತಿಸಣ್ಣ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಋಣವಿದ್ಯುತ್ತಿನ ಕಣಗಳು ಒಂದನ್ನೊಂದು ತಳ್ಳುವುವಾದ್ದರಿಂದ ಅವು ಒಂದೇ ಮನೆಯಲ್ಲಿ ಕೂಡಿ ಇರಲು ಒಪ್ಪದೆ, ಮನೆಗೊಂದರಂತೆ ಹಂಚಿಕೊಂಡು, ಭ್ರಮಣವನ್ನೆಲ್ಲ ಒಂದೇ ದಿಕ್ಕಿಗೆ ಇರಿಸಿಕೊಳ್ಳುತ್ತವೆ. ಹಾಗೆ ಇರಿಸಿಕೊಂಡಾಗ ಅವು ಒಂದಕ್ಕೊಂದು ಇನ್ನೂ ದೂರವಿರಲು ಅನುಕೂಲವಾಗುತ್ತದೆ. ತ್ರಿಸಂಯೋಗಿ ಕಬ್ಬಿಣದಲ್ಲಿ ಐದು ಕಣಗಳು ಐದು ಮನೆಗಳಲ್ಲಿ ಸಮಾನಮುಖವಾಗಿ ನಿಂತಿರುತ್ತವೆ. ದ್ವಿಸಂಯೋಗಿಯಲ್ಲಿ ಆರನೆಯದೊಂದು ಬಂದು ವಿರುದ್ಧಮುಖವಾಗಿ ಸೇರಿರುವುದರಿಂದ ನಿವ್ವಳ ಬಲ ನಾಲ್ಕು ಮಾತ್ರ. ಪರಮಾಣುವು ಸೂಜಿಗಲ್ಲಾಗುವುದು, ಆದುದರಿಂದ, ಕಣಗಳ ಪರಸ್ಪರ ಪ್ರೀತಿಯಿಂದಲ್ಲ, ವಿರೋಧದಿಂದ.

ಹಾಗಾದರೆ ಅಂತಹ ಕೋಟ್ಯನುಕೋಟಿ ಪರಮಾಣುಗಳು ಒಂದು ಶಿಸ್ತಿಗೆ ಬರುವುದು ಹೇಗೆ? ಎರಡು ಸೂಜಿಗಲ್ಲುಗಳು ಪರಸ್ಪರ ಸೆಳೆಯುವ ಹಾಗೆ ಇವೂ ಸೆಳೆದುಕೊಂಡು ಸಾಲಾಗಿ ನಿಲ್ಲುತ್ತವೆಂದು ಸಹಜವಾಗಿ ತೋರುತ್ತದೆ. ಆದರೆ ಅಷ್ಟು ಸಣ್ಣ ಸೂಜಿಗಲ್ಲುಗಳ ನಡುವಣ ಆ ಸೆಳೆತವು ಎಷ್ಟು ದುರ್ಬಲವೆಂದರೆ, ನಿರಪೇಕ್ಷ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಮೇಲೆ ಬಂದೊಡನೆ ಶಾಖದ ಚಡಪಡಿಕೆಗೆ ಅದು ಅಳಿಸಿಹೋಗಬೇಕು. ಮ್ಯಾಗ್ನಟೈಟಿನ ಶಿಸ್ತು ಸುಮಾರು ೫೮೦ ಡಿಗ್ರಿ ಸೆಂಟಿಗ್ರೇಡಿನವರೆಗೂ ಉಳಿಯುತ್ತದೆ. ನಿಜವಾದ ಕಾರಣವನ್ನು ೧೯೨೮ರಲ್ಲಿ ಹೈಸನ್‌ಬರ್ಗನು ಗುರುತಿಸಿದನು: ಶಿಸ್ತಿನ ಮೂಲವು ಅಯಸ್ಕಾಂತಬಲವಲ್ಲ, ವಿದ್ಯುದ್ವಿಕರ್ಷಣೆಯೇ. ಭಸ್ಮಗಳಲ್ಲಿ ಕಬ್ಬಿಣದ ಪರಮಾಣುಗಳು ಒಂದಕ್ಕೊಂದು ತಗಲಿರುವುದಿಲ್ಲ, ನಡುವೆ ಆಮ್ಲಜನಕವಿರುತ್ತದೆ. ಆ ಆಮ್ಲಜನಕದ ಮೂಲಕವೇ ಎರಡು ಬದಿಯ ಕಬ್ಬಿಣಗಳು ಪರಸ್ಪರ ಸಂಬಂಧ ಪಡೆಯುತ್ತವೆಂದು ೧೯೩೪ರಲ್ಲಿ ಕ್ರಾಮರ್ಸನು ಸೂಚಿಸಿದನು; ೧೯೫೦ರಲ್ಲಿ ಆಂಡರ್ಸನ್ ಅದನ್ನು ಸ್ಪಷ್ಟಪಡಿಸಿದನು. ಒಂದು ಕಬ್ಬಿಣದ ಕಣವು ಆಮ್ಲಜನಕದ ಸೇತುವೆಯ ಮೇಲಾಗಿ ನೆರೆಯ ಕಬ್ಬಿಣಕ್ಕೆ ಕ್ಷಣಮಾತ್ರ ಇಣುಕಿ ಹಿಂದಿರುಗಬೇಕಾದರೆ, ಅಲ್ಲಿ ಎಲ್ಲ ಮನೆಗಳಲ್ಲಿಯೂ ಒಬ್ಬೊಬ್ಬರು ಇರುವುದರಿಂದ, ವಿರುದ್ಧ ಭ್ರಮಣವುಳ್ಳ ನೆರೆಯವನಲ್ಲಿಗೆ ಮಾತ್ರ ಹೋಗಬಲ್ಲುದು. ಇಣುಕಲು ಅವಕಾಶವಿದ್ದರೆ ಶಕ್ತಿಯಲ್ಲಿ ಸ್ವಲ್ಪ ಉಳಿತಾಯ. ಆದಕಾರಣ ಸೇತುವೆಯು ನೇರಕ್ಕೆ ಹತ್ತಿರವಾಗಿದ್ದಲ್ಲಿ ನೆರೆಹೊರೆಯವು ವಿರುದ್ಧಮುಖಗಳಾಗಿ ನಿಲ್ಲಲು ಬಯಸುತ್ತವೆ.

ಈಗ ಕೆಂಪಿಗೂ ಕಪ್ಪಿಗೂ ಇರುವ ಭೇದವು ಬಿಡಿಸಿಕೊಳ್ಳುತ್ತದೆ. ಹೆಮಟೈಟಿನಲ್ಲಿ ಎಲ್ಲವೂ ಐದರ ಬಲದವು. ಅರ್ಧ ಮೇಲ್ಮುಖ, ಅರ್ಧ ಕೆಳಮುಖ. ಐದಕ್ಕೆ ಐದು ವಜಾ ಆಗುತ್ತದೆ. ಅವು ಪೂರ್ತಿ ಎದುರುಬದುರಾಗದೆ ಕೂದಲೆಳೆಯಷ್ಟು ವಾಲಿರುವುದರಿಂದ ಅತ್ಯಲ್ಪ ಬಲವೊಂದು ಉಳಿಯುತ್ತದೆ. ಅದು ಮ್ಯಾಗ್ನಟೈಟಿನ ಬಲದಲ್ಲಿ ಇನ್ನೂರರಲ್ಲೊಂದು ಪಾಲಿನಷ್ಟು. ಮ್ಯಾಗ್ನಟೈಟಿನಲ್ಲಿ ಕಬ್ಬಿಣಕ್ಕೆ ಎರಡು ಬಗೆಯ ಠಾವುಗಳಿವೆ: ನಾಲ್ಕು ಆಮ್ಲಜನಕಗಳ ನಡುವಿನದು ಒಂದು, ಆರರ ನಡುವಿನದು ಮತ್ತೊಂದು. ಮೊದಲಿನದರಲ್ಲಿ ಒಂದು ತ್ರಿಸಂಯೋಗಿ; ಎರಡನೆಯದರಲ್ಲಿ ಒಂದು ತ್ರಿಸಂಯೋಗಿಯೂ ಒಂದು ದ್ವಿಸಂಯೋಗಿಯೂ. ಎರಡು ಠಾವುಗಳು ಪರಸ್ಪರ ವಿರುದ್ಧಮುಖ. ಐದಕ್ಕೆ ಐದು ವಜಾ ಆಗಿ ದ್ವಿಸಂಯೋಗಿಯ ನಾಲ್ಕು ಉಳಿಯುತ್ತದೆ. ಅಳತೆಯಲ್ಲಿ ದೊರೆಯುವುದೂ ನಾಲ್ಕಕ್ಕಿಂತ ತುಸು ಹೆಚ್ಚು ಅಷ್ಟೆ. ಈ ಸರಳವಾದ ಸಂಕಲನ-ವ್ಯವಕಲನವನ್ನು ಫ್ರಾನ್ಸಿನ ಲೂಯಿ ನೀಲ್ ೧೯೪೮ರಲ್ಲಿ ಮುಂದಿಟ್ಟನು. ೧೯೫೧ರಲ್ಲಿ ನ್ಯೂಟ್ರಾನ್ ಕಿರಣಗಳ ಪ್ರಯೋಗವು ಅದನ್ನು ಕಣ್ಣಾರೆ ಕಂಡಂತೆ ಸ್ಥಾಪಿಸಿತು. ಮನುಷ್ಯನು ಸಾವಿರಾರು ವರ್ಷಗಳಿಂದ ಬಲ್ಲ ಸೂಜಿಗಲ್ಲು ಅಷ್ಟರವರೆಗೆ ಅರ್ಥವಾಗದೆಯೇ ಇದ್ದಿತೆಂಬುದು ಸ್ವಲ್ಪ ಆಶ್ಚರ್ಯದ ಸಂಗತಿ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಸ್ಫಟಿಕದ ಕಂಪನಕ್ಕೆ ಹೆಚ್ಚಿನ ಪಾತ್ರವಿಲ್ಲ. ವಿದ್ಯುತ್ತಿನ ಹರಿವಿಗೆ ಬಂದೊಡನೆ ಅದು ರಂಗಕ್ಕೆ ಬರುತ್ತದೆ.

ಘನವಸ್ತುಗಳಲ್ಲಿ ವಿದ್ಯುತ್ಪ್ರವಾಹವನ್ನು ಕುರಿತು ೧೯೩೦ರ ಸುಮಾರಿಗೆ ಬಳಕೆಗೆ ಬಂದಿದ್ದ ಸಿದ್ಧಾಂತವು ಕಣಗಳ ಪರಸ್ಪರ ವಿಕರ್ಷಣೆಯನ್ನು ಬಹುಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳದೆ, ಪ್ರತಿಯೊಂದು ಕಣವೂ ಸ್ಫಟಿಕದ ತುಂಬ ಅಲೆಯಂತೆ ಹರಡಿಕೊಂಡಿದೆಯೆಂದು ಭಾವಿಸುತ್ತಿತ್ತು. ಆ ಲೆಕ್ಕದಲ್ಲಿ ಅರ್ಧ ತುಂಬಿದ ಮನೆಗಳುಳ್ಳ ವಸ್ತುವೆಲ್ಲವೂ ಲೋಹದಂತೆ ವಿದ್ಯುದ್ವಾಹಕವಾಗಬೇಕು. ೧೯೩೭ರಲ್ಲಿ ಡಿ ಬೋರ್ ಮತ್ತು ಫರ್ವೈ ಎಂಬ ಡಚ್ ವಿದ್ವಾಂಸರಿಬ್ಬರು, ನಿಕ್ಕಲಿನ ಭಸ್ಮವು ಈ ಲೆಕ್ಕಕ್ಕೆ ವಿರುದ್ಧವಾಗಿ ತಿಳಿಹಸುರು ಬಣ್ಣದ ನಿರೋಧಕವಾಗಿಯೇ ಇದೆಯೆಂದು ತೋರಿಸಿದರು. ಕಣಗಳು ಒಂದನ್ನೊಂದು ತಳ್ಳುವ ಬಲವು ದೊಡ್ಡದಾದರೆ, ಪ್ರತಿಯೊಂದು ಮನೆಯಲ್ಲಿಯೂ ಒಬ್ಬನಿರುವಾಗ ಯಾರೂ ಅಲುಗಲಾರರು ಎಂಬ ಸಮಾಧಾನವನ್ನು ಪೈರ್ಲ್ಸ್ ಮತ್ತು ಮಾಟ್ ಆಗಲೇ ಸೂಚಿಸಿದರು. ಒಂದೇ ಪರಮಾಣುವಿನಲ್ಲಿ ಮತ್ತೊಂದು ಕಣವನ್ನು ತುರುಕಲು ಬೇಕಾಗುವ ಶಕ್ತಿ ಕೆಲವು ಎಲೆಕ್ಟ್ರಾನ್-ವೋಲ್ಟುಗಳು. ನೆರೆಮನೆಗೆ ಹಾರುವುದರಿಂದ ದೊರೆಯುವ ಉಳಿತಾಯ ಅದಕ್ಕಿಂತ ಕಡಿಮೆ. ಸಾಧಾರಣ ಉಷ್ಣತೆಯಲ್ಲಿ ಶಾಖವು ಕೊಡಬಲ್ಲುದು ಒಂದು ಎಲೆಕ್ಟ್ರಾನ್-ವೋಲ್ಟಿನ ನಾಲ್ವತ್ತನೆಯ ಒಂದು ಪಾಲು ಮಾತ್ರ. ಕಣವು ಸುಮ್ಮನಿರದೆ ಏನು ಮಾಡೀತು?

ಮ್ಯಾಗ್ನಟೈಟಿನಲ್ಲಿ ಮಾತ್ರ ಆರು ಆಮ್ಲಜನಕಗಳ ಠಾವುಗಳಲ್ಲಿ ಅರ್ಧ ದ್ವಿಸಂಯೋಗಿ, ಅರ್ಧ ತ್ರಿಸಂಯೋಗಿ. ಹೆಚ್ಚುವರಿಯಾದ ಆರನೆಯ ಕಣವು ಒಂದರಿಂದ ಮತ್ತೊಂದಕ್ಕೆ ಹಾರಿದರೆ ಎಲ್ಲಿಯೂ ಹೊಸ ಇಕ್ಕಟ್ಟು ಉಂಟಾಗುವುದಿಲ್ಲ. ಇದ್ದ ಏರ್ಪಾಟೇ ಸ್ಥಳ ಬದಲಾಯಿಸಿದಂತಾಗುತ್ತದೆ. ಅದರಿಂದಲೇ ಈ ಭಸ್ಮವು ಇತರ ಕಬ್ಬಿಣದ ಭಸ್ಮಗಳಿಗಿಂತ ಎಷ್ಟೋ ಮೇಲಾದ ವಾಹಕವಾಗಿದೆ. ಆದರೆ ಲೋಹದಲ್ಲಿರುವಂತೆ ಸರಾಗವಾಗಿ ಹರಿಯುವುದೂ ಇಲ್ಲ. ದ್ವಿಸಂಯೋಗಿ ಕಬ್ಬಿಣವು ತ್ರಿಸಂಯೋಗಿಗಿಂತ ಗಾತ್ರದಲ್ಲಿ ದೊಡ್ಡದು. ಕಣವೊಂದು ಬಂದು ಕುಳಿತೊಡನೆ ಸುತ್ತಲಿನ ಆರು ಆಮ್ಲಜನಕಗಳು ಹೊರಕ್ಕೆ ಸರಿಯುತ್ತವೆ. ಹಾಗೆ ಸರಿದು ಉಂಟಾದ ತಗ್ಗಿನಲ್ಲಿ ಕಣವು ತಾನೇ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ಮೂಡಲಗಿಯ ಎರೆಯ ಹೊಲದಲ್ಲಿ ನಿಂತ ಚಕ್ಕಡಿಯ ಗಾಲಿಯು ತನ್ನ ಭಾರದಿಂದ ತಾನೇ ಕುಸಿದು, ತಾನೇ ಮಾಡಿದ ಕುಳಿಯಿಂದ ಮೇಲೇಳಲಾರದ ಸ್ಥಿತಿ ಇದು. ತನ್ನ ಕುಳಿಯೊಡನೆ ಕೂಡಿದ ಇಂತಹ ಕಣದ ಕಲ್ಪನೆಯನ್ನು ೧೯೩೩ರಲ್ಲಿ ಲಾಂಡೌ ಎಂಬ ರಷ್ಯದ ಪಂಡಿತನು ಮೊದಲು ಮಾಡಿದನು. ಅದಕ್ಕೆ ಪೋಲರಾನ್ ಎಂಬ ಹೆಸರು ಆ ಮೇಲೆ ಬಂದಿತು.

ಆದರೆ ಈ ಹೊಲದ ನೆಲವು ಸುಮ್ಮನಿರತಕ್ಕದ್ದಲ್ಲ. ಸ್ಫಟಿಕದ ಪರಮಾಣುಗಳು ಸೆಕೆಂಡಿಗೆ ಹತ್ತು ಲಕ್ಷ ಕೋಟಿಯ ಪ್ರಮಾಣದಲ್ಲಿ ಕಂಪಿಸುತ್ತಲೇ ಇರುತ್ತವೆ. ಕಂಪಿಸುವಾಗ ಒಮ್ಮೊಮ್ಮೆ ಕಣವಿರುವ ಕುಳಿಯು ತುಸು ಮೇಲೆದ್ದು, ನೆರೆಯ ಖಾಲಿ ಠಾವು ತುಸು ತಗ್ಗಿ, ಎರಡೂ ಸಮವಾಗುವ ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಕಣವು ಹಾರುತ್ತದೆ. ಕಂಪನವು ಕಣವನ್ನು ಹಿಡಿದು ನಿಲ್ಲಿಸುವುದೂ ಹೌದು, ಮುಂದಕ್ಕೆ ದಾಟಿಸುವುದೂ ಹೌದು. ಸಾಧಾರಣ ಲೋಹಗಳಲ್ಲಿ ಕಾಯಿಸಿದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚುತ್ತದೆ. ಹೀಗೆ ಹಾರುತ್ತ ಸಾಗುವ ವಸ್ತುಗಳಲ್ಲಿ ಅದು ಕಡಿಮೆಯಾಗುತ್ತದೆ. ಈ ವ್ಯತ್ಯಾಸದ ಕಾರಣವು ಇಲ್ಲಿದೆ.

೧೯೩೯ರಲ್ಲಿ ಮೇಲೆ ಹೇಳಿದ ಫರ್ವೈಯು ಮ್ಯಾಗ್ನಟೈಟನ್ನು ತಣಿಸುತ್ತ ಹೋದಾಗ ನಿರಪೇಕ್ಷ ಮಾನದ ೧೨೦ ಡಿಗ್ರಿಯ ಸುಮಾರಿನಲ್ಲಿ, ಎಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸುಮಾರು ೧೫೦ ಡಿಗ್ರಿ ಕೆಳಗೆ, ಅದರ ವಾಹಕತ್ವವು ಥಟ್ಟನೆ ನೂರರಲ್ಲೊಂದು ಪಾಲಿಗೆ ಇಳಿಯುವುದನ್ನು ವರದಿ ಮಾಡಿದನು. ಘನಾಕೃತಿಯ ಸ್ಫಟಿಕವು ಅದೇ ಮಟ್ಟದಲ್ಲಿ ವಕ್ರವಾಗುತ್ತದೆ. ಅಲೆಯುತ್ತಿದ್ದ ಆರನೆಯ ಕಣಗಳು ಒಂದು ನಿಯತವಾದ ವಿನ್ಯಾಸದಲ್ಲಿ ಹೆಪ್ಪುಗಟ್ಟಿಕೊಂಡವೆಂದೂ, ಪರಸ್ಪರ ದೂರವಿರಬೇಕೆಂಬ ಅವುಗಳ ವಿರೋಧವೇ ಅದಕ್ಕೆ ಕಾರಣವೆಂದೂ ಅವನು ವಿವರಿಸಿದನು. ವಿವರಣೆಯು ಸುಂದರವಾಗಿತ್ತು; ಅವನು ಹೇಳಿದ ವಿನ್ಯಾಸವು ಮಾತ್ರ ಆ ಮೇಲಿನ ಪ್ರಯೋಗಗಳಲ್ಲಿ ಸಿಕ್ಕಲಿಲ್ಲ. ೧೯೫೬ರಲ್ಲಿ ಆಂಡರ್ಸನ್ ಒಂದು ಕುತೂಹಲದ ಅಂಶವನ್ನು ಎತ್ತಿದನು. ಆ ಠಾವುಗಳು ನಾಲ್ಕು ನಾಲ್ಕಾಗಿ ಚತುರ್ಮುಖ ಗುಂಪುಗಳಲ್ಲಿ ಕೂಡಿಕೊಂಡಿರುವುದರಿಂದ, ಪ್ರತಿ ಗುಂಪಿನಲ್ಲಿಯೂ ಎರಡು ದ್ವಿಸಂಯೋಗಿ, ಎರಡು ತ್ರಿಸಂಯೋಗಿ ಇರಬೇಕೆಂಬ ನಿಯಮವೊಂದನ್ನೇ ಪಾಲಿಸಿದರೆ ಅಸಂಖ್ಯಾತ ವಿನ್ಯಾಸಗಳು ಸಮಸಮವಾಗಿ ಸಾಧ್ಯ. ಕಣಗಳ ವಿಕರ್ಷಣೆಯೊಂದರಿಂದಲೇ ಅವುಗಳಲ್ಲಿ ಇಂತಹುದೆಂದು ಆಯ್ಕೆಯಾಗುವುದು ಕಠಿಣ. ಹಾಗಾದರೆ ಆರಿಸುವವರು ಯಾರು? ಸ್ಫಟಿಕದ ಕಂಪನವೆಂದು ಒಂದು ಪಕ್ಷ, ಕಣಗಳ ವಿರೋಧವೆಂದು ಮತ್ತೊಂದು ಪಕ್ಷ. ವಾದವು ಹತ್ತಾರು ವರ್ಷ ನಡೆಯಿತು. ಸಮಸ್ಯೆಯ ಮೂಲವು ಬಹಳ ಮಟ್ಟಿಗೆ ಪ್ರಯೋಗದ ತೊಡಕಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ತಣಿಸಿದ ಹರಳು ಬೇರೆ ಬೇರೆ ದಿಕ್ಕಿಗೆ ವಾಲಿದ ಅನೇಕ ತುಂಡುಗಳಾಗಿ ಒಡೆದುಕೊಳ್ಳುತ್ತದೆ. ಅವುಗಳಿಂದ ಚದರಿದ ಕ್ಷ-ಕಿರಣಗಳೆಲ್ಲ ಒಂದರ ಮೇಲೊಂದು ಬಿದ್ದು ಓದಲಾರದಂತಾಗುತ್ತವೆ.

೨೦೧೨ರಲ್ಲಿ ಸೆನ್, ರೈಟ್, ಆಟ್‌ಫೀಲ್ಡ್ ಎಂಬ ಮೂವರು ಮರಳಿನ ಕಣಕ್ಕಿಂತಲೂ ಸಣ್ಣದಾದ, ಬಹುಪಾಲು ಒಂದೇ ದಿಕ್ಕಿನದಾದ ಹರಳೊಂದನ್ನು ಆರಿಸಿಕೊಂಡು ಫ್ರಾನ್ಸಿನ ಗ್ರನೋಬಲಿನಲ್ಲಿರುವ ಪ್ರಬಲ ಕ್ಷ-ಕಿರಣಗಳ ಯಂತ್ರದಲ್ಲಿ ಪರೀಕ್ಷಿಸಿದರು. ಅವರಿಗೆ ಕಂಡದ್ದು ಹೀಗೆ: ಫರ್ವೈಯು ಊಹಿಸಿದಂತೆ ದ್ವಿಸಂಯೋಗಿ, ತ್ರಿಸಂಯೋಗಿಗಳು ಬೇರೆ ಬೇರೆಯಾಗಿ ನಿಲ್ಲುವುದು ಮೊದಲ ಅಂದಾಜಿಗೆ ನಿಜ. ಆದರೆ ಆರನೆಯ ಕಣವು ಒಂದೇ ಪರಮಾಣುವಿನಲ್ಲಿ ಪೂರ್ಣವಾಗಿ ನಿಲ್ಲದೆ, ಸಾಲಾಗಿರುವ ಮೂರು ಕಬ್ಬಿಣಗಳ ಮೇಲೆ ಹರಡಿಕೊಂಡಿರುತ್ತದೆ. ನಡುವಿನದರಲ್ಲಿ ಹೆಚ್ಚು, ಅಕ್ಕಪಕ್ಕದ ಎರಡರಲ್ಲಿ ಸ್ವಲ್ಪ ಸ್ವಲ್ಪ. ಆ ಎರಡೂ ನಡುವಿನದರ ಕಡೆಗೆ ತುಸು ಜರುಗಿ ಬಂದಿರುತ್ತವೆ. ಈ ತ್ರಿಕಗಳಿಗೆ ಅವರು ಟ್ರೈಮರಾನ್ ಎಂದು ಹೆಸರಿಟ್ಟರು. ಜರುಗುವುದು ಸ್ಫಟಿಕದ ಕೆಲಸ; ಒಂದೊಂದು ಕಣವನ್ನೇ ಪ್ರತ್ಯೇಕವಾಗಿರಿಸುವುದು ವಿಕರ್ಷಣೆಯ ಕೆಲಸ; ಮೂವರ ಭ್ರಮಣಗಳೂ ಸಮಾನಮುಖವಾಗಿರುವುದರಿಂದಲೇ ಕಣವು ಮೂವರಲ್ಲಿಯೂ ಹಂಚಿಕೊಳ್ಳಲು ಸಾಧ್ಯ, ಅದು ಅಯಸ್ಕಾಂತಗುಣದ ಕೆಲಸ. ಎರಡು ಪಕ್ಷದವರೂ ಅರ್ಧರ್ಧ ಸರಿಯಾಗಿದ್ದರು.

ಕಪ್ಪು ಮರಳಿನಿಂದ ಸ್ವಲ್ಪ ಹೊತ್ತು ದೂರ ಸರಿದು, ಇದೇ ಜಗಳವು ಇನ್ನೂ ಬಯಲಾಗಿ ಕಾಣಬರುವ ಮತ್ತೊಂದು ಭಸ್ಮವನ್ನು ನೋಡುವುದು ಉಪಯುಕ್ತ. ಅದು ಲ್ಯಾಂಥನಮ್, ಕ್ಯಾಲ್ಸಿಯಮ್ ಮತ್ತು ಮ್ಯಾಂಗನೀಸುಗಳ ಕೂಡುಭಸ್ಮ. ೧೯೫೦ರಲ್ಲಿ ಹಾಲೆಂಡಿನ ಯೋಂಕರ್ ಮತ್ತು ವಾನ್ ಸಾಂಟನ್ ಎಂಬುವರು, ಈ ವಸ್ತುವು ಸೂಜಿಗಲ್ಲಾಗುವ ಮಟ್ಟದಲ್ಲಿಯೇ ವಿದ್ಯುದ್ವಾಹಕವೂ ಆಗುವುದನ್ನು ಕಂಡರು. ಮರುವರ್ಷವೇ ಜೀನರ್ ಎಂಬುವನು ಇದಕ್ಕೆ ಕಾರಣ ಕೊಟ್ಟನು: ಚಲಿಸುವ ಕಣವು ತಾನಿಳಿಯುವ ಪರಮಾಣುವಿನ ಭ್ರಮಣಕ್ಕೆ ತನ್ನ ಭ್ರಮಣವನ್ನು ಹೊಂದಿಸಿಕೊಳ್ಳಲೇಬೇಕು, ನೆರೆಹೊರೆಯವರು ಸಮಾನಮುಖವಾಗಿದ್ದರೆ ದಾರಿ ತೆರವು, ಇಲ್ಲದಿದ್ದರೆ ತಡೆ. ೧೯೯೪ರಲ್ಲಿ ಇದೇ ವರ್ಗದ ತೆಳುಪದರಗಳ ಮೇಲೆ ಪ್ರಬಲವಾದ ಅಯಸ್ಕಾಂತಕ್ಷೇತ್ರವನ್ನು ಹಾಯಿಸಿದಾಗ ಅವುಗಳ ವಿದ್ಯುನ್ನಿರೋಧವು ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುವುದು ಕಂಡುಬಂದು ಜಗತ್ತಿನ ಪ್ರಯೋಗಶಾಲೆಗಳೆಲ್ಲ ಈ ಕಡೆಗೆ ತಿರುಗಿದವು. ಜೀನರನ ಕಾರಣವೊಂದೇ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಸಾಲದೆಂದು ೧೯೯೫ರಲ್ಲಿ ಮಿಲ್ಲಿಸ್, ಲಿಟಲ್‌ವುಡ್, ಶ್ರೈಮನ್ ಎಂಬವರು ಲೆಕ್ಕ ಹಾಕಿ ತೋರಿಸಿದರು. ಕೊರತೆಯನ್ನು ತುಂಬಬೇಕಾದುದು ಸ್ಫಟಿಕದ ವಿಕೃತಿ ಎಂಬುದು ಅವರ ವಾದ.

ಅದಕ್ಕೆ ಸಾಕ್ಷ್ಯವು ಮರುವರ್ಷ ಬಂದಿತು. ಆಮ್ಲಜನಕದಲ್ಲಿ ೧೬ರ ತೂಕದ್ದು ಸಾಧಾರಣವಾದುದು; ೧೮ರ ತೂಕದ್ದು ವಿರಳವಾದುದು. ಎರಡಕ್ಕೂ ರಸಾಯನಗುಣ ಒಂದೇ, ವಿದ್ಯುತ್ಕಣಗಳ ಸಂಖ್ಯೆಯೂ ಒಂದೇ. ಭಾರವಾದುದು ನಿಧಾನವಾಗಿ ಕಂಪಿಸುತ್ತದೆ, ಅಷ್ಟೇ ವ್ಯತ್ಯಾಸ. ೧೯೯೬ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ಕಿನ ವಿದ್ವಾಂಸರು ಈ ಭಸ್ಮದಲ್ಲಿನ ಹಗುರವಾದ ಆಮ್ಲಜನಕವನ್ನು ತೆಗೆದು ಭಾರವಾದುದನ್ನು ಸೇರಿಸಿದರು. ಅದು ಸೂಜಿಗಲ್ಲಾಗುವ ಉಷ್ಣತೆಯು ೨೦ ಡಿಗ್ರಿಗಳಿಗಿಂತಲೂ ಹೆಚ್ಚಾಗಿ ಕೆಳಗಿಳಿಯಿತು. ಅಯಸ್ಕಾಂತಗುಣವು ಬರಿಯ ವಿದ್ಯುತ್ಕಣಗಳ ವ್ಯವಹಾರವಾಗಿದ್ದಲ್ಲಿ ಆಮ್ಲಜನಕದ ತೂಕವನ್ನು ಬದಲಾಯಿಸಿದುದರಿಂದ ಏನೂ ಆಗಬಾರದಾಗಿತ್ತು. ಇಷ್ಟು ನೇರವಾದ ಸಾಕ್ಷ್ಯವು ಈ ಶಾಸ್ತ್ರದಲ್ಲಿ ಅಪರೂಪ.

ಲೋಹಭಸ್ಮಗಳ ಅಧ್ಯಯನದಲ್ಲಿ ಕರ್ಣಾಟಕಕ್ಕೆ ಸಲ್ಲುವ ಪಾಲು ಸಣ್ಣದಲ್ಲ. ೧೯೩೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಚಿ. ನಾ. ರಾ. ರಾವ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೬ರಲ್ಲಿ ಘನಸ್ಥಿತಿ ರಸಾಯನಕ್ಕಾಗಿ ಒಂದು ವಿಭಾಗವನ್ನು ಕಟ್ಟಿ, ಕೋಬಾಲ್ಟು, ನಿಕ್ಕಲು, ಮ್ಯಾಂಗನೀಸುಗಳ ಭಸ್ಮಗಳನ್ನು ಒಂದೊಂದಾಗಿ ತಯಾರಿಸಿ ಅಳೆದರು. ಮ್ಯಾಂಗನೀಸಿನ ಭಸ್ಮಗಳ ನಿರೋಧವನ್ನು ಕುರಿತು ೧೯೯೮ರಲ್ಲಿ ಫ್ರಾನ್ಸಿನ ರಾವೋ ಎಂಬುವರೊಡನೆ ಅವರು ಸಂಪಾದಿಸಿದ ಗ್ರಂಥವೂ ಪ್ರಕಟವಾಯಿತು. ಅದೇ ಸಂಸ್ಥೆಯಲ್ಲಿ ಟಿ. ವಿ. ರಾಮಕೃಷ್ಣನ್, ಎಚ್. ಆರ್. ಕೃಷ್ಣಮೂರ್ತಿ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಸಿದ್ಧಾಂತವು ಮೇಲಿನ ಎರಡು ಪ್ರಭಾವಗಳನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸುತ್ತದೆ. ಅವರ ಅಭಿಪ್ರಾಯದಲ್ಲಿ ಈ ಭಸ್ಮಗಳ ವಿದ್ಯುತ್ಕಣಗಳು ಎರಡು ಸ್ಥಿತಿಗಳಲ್ಲಿ ಏಕಕಾಲದಲ್ಲಿ ಇರುತ್ತವೆ. ಹೆಚ್ಚಿನವು ಸ್ಫಟಿಕವನ್ನು ತಗ್ಗಿಸಿಕೊಂಡು ತಮ್ಮ ಕುಳಿಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಕೆಲವು ಮಾತ್ರ ಸ್ಫಟಿಕವನ್ನು ತಗ್ಗಿಸದೆ ಸಂಚರಿಸುತ್ತವೆ. ಸಿಕ್ಕಿಕೊಂಡವುಗಳಿರುವ ಠಾವಿನೊಳಕ್ಕೆ ಸಂಚಾರಿಗಳು ಕಾಲಿಡದಂತೆ ಪರಸ್ಪರ ವಿಕರ್ಷಣೆಯು ತಡೆಯುತ್ತದೆ. ಸಂಚಾರಿಗಳಿಗೆ ಉಳಿಯುವ ಜಾಗವು ಅಷ್ಟು ಕಿರಿದಾಗಿರುವುದರಿಂದಲೇ ಉಷ್ಣತೆಯಲ್ಲಾಗಲಿ, ಅಯಸ್ಕಾಂತಕ್ಷೇತ್ರದಲ್ಲಾಗಲಿ ಆಗುವ ಅಲ್ಪವಾದ ಬದಲಾವಣೆಯು ನಿರೋಧದಲ್ಲಿ ಅಷ್ಟು ದೊಡ್ಡ ಬದಲಾವಣೆಯಾಗಿ ತೋರುತ್ತದೆ.

ಮರಳಿ ಹುಕ್ಕೇರಿಯ ಕರಿಕಲ್ಲಿಗೆ ಬರಬಹುದು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ದ್ರವವಾಗಿ ಹರಿದುಬಂದ ಈ ಕಲ್ಲಿನಲ್ಲಿ ಮ್ಯಾಗ್ನಟೈಟಿನ ಸೂಕ್ಷ್ಮ ಹರಳುಗಳು ಚದರಿಕೊಂಡಿವೆ. ಆದರೆ ಅದು ಶುದ್ಧವಾದುದಲ್ಲ, ಟೈಟೇನಿಯಮ್ ಬೆರೆತದ್ದು. ಟೈಟೇನಿಯಮ್ಮಿನ ಪರಮಾಣುವಿಗೆ ಇಲ್ಲಿ ಅಯಸ್ಕಾಂತಬಲವಿಲ್ಲ. ಅದು ಸೇರಿದ ಹಾಗೆಲ್ಲ ಆಮ್ಲಜನಕದ ಸೇತುವೆಗಳು ಒಂದೊಂದಾಗಿ ವ್ಯರ್ಥವಾಗಿ, ಶಿಸ್ತು ಅಳಿಯುವ ಉಷ್ಣತೆಯು ೫೮೦ ಡಿಗ್ರಿಯಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ಟೈಟೇನಿಯಮ್ ಹೇರಳವಾಗಿರುವಲ್ಲಿ ೧೫೦ ಡಿಗ್ರಿಯ ಸುಮಾರಿಗೂ ಬರುತ್ತದೆ. ಅದೃಷ್ಟವಶಾತ್, ಕಲ್ಲು ಆರುತ್ತಿರುವಾಗಲೇ ಗಾಳಿ-ಹಬೆಗಳ ಸಂಪರ್ಕದಿಂದ ಹರಳುಗಳು ಅನೇಕ ವೇಳೆ ಒಳಗೊಳಗೇ ಬೇರ್ಪಟ್ಟು, ಟೈಟೇನಿಯಮ್ ಒಂದು ಕಡೆ ಪಟ್ಟಿಗಳಾಗಿ, ಶುದ್ಧಪ್ರಾಯವಾದ ಮ್ಯಾಗ್ನಟೈಟು ಇನ್ನೊಂದು ಕಡೆಯಾಗಿ ನಿಲ್ಲುತ್ತದೆ. ಇಂತಹ ಕಲ್ಲು ಆಯಾ ಕಾಲದ ಭೂಮಿಯ ಅಯಸ್ಕಾಂತದಿಕ್ಕನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ.

ಬರೆದದ್ದು ಅಳಿಸದೆ ಉಳಿಯುವುದು ಹೇಗೆ ಎಂಬುದಕ್ಕೆ ಉತ್ತರವನ್ನು ನೀಲನೇ ೧೯೪೯ರಲ್ಲಿ ಕೊಟ್ಟನು. ಸಣ್ಣ ಹರಳಿನ ಅಯಸ್ಕಾಂತಮುಖವು ಒಂದು ದಿಕ್ಕಿನಿಂದ ಮತ್ತೊಂದಕ್ಕೆ ಹೊರಳಬೇಕಾದರೆ ನಡುವೆ ಒಂದು ಶಕ್ತಿಯ ದಿಬ್ಬವನ್ನು ಹತ್ತಿಳಿಯಬೇಕು. ಹತ್ತಿಸುವುದು ಶಾಖದ ಕಂಪನ. ಕಲ್ಲು ಇನ್ನೂ ಬಿಸಿಯಾಗಿರುವಾಗ ಹೊರಳುವುದು ಕ್ಷಣಗಳ ಮಾತು. ಉಷ್ಣತೆಯು ಕೆಲವೇ ಹತ್ತು ಡಿಗ್ರಿ ಇಳಿಯುವಷ್ಟರಲ್ಲಿ ಅದೇ ಕೆಲಸಕ್ಕೆ ವರ್ಷಗಳು ಬೇಕಾಗುತ್ತವೆ. ಪೂರ್ತಿ ತಣಿದ ಮೇಲೆ, ತಕ್ಕ ಗಾತ್ರದ ಹರಳುಗಳಲ್ಲಿ, ಭೂಮಿಯ ವಯಸ್ಸೂ ಸಾಲದು. ೧೯೫೬ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಆಂಗ್ಲ ಸಂಶೋಧಕರು ದಕ್ಷಿಣಾಪಥದ ಕರಿಕಲ್ಲುಗಳಲ್ಲಿ ಈ ಬರಹವನ್ನು ಓದಿ ಪ್ರಕಟಿಸಿದರು. ಭೂಮಿಯ ಮಧ್ಯದಲ್ಲಿ ಉತ್ತರದಕ್ಷಿಣವಾಗಿ ಒಂದು ಸೂಜಿಗಲ್ಲಿದೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಇಂದು ಹುಕ್ಕೇರಿಯಿರುವ ೧೬ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸ್ವತಂತ್ರವಾದ ಸೂಜಿಯ ಉತ್ತರಾಗ್ರವು ಸುಮಾರು ೩೦ ಡಿಗ್ರಿ ಕೆಳಕ್ಕೆ ಬಾಗಬೇಕು. ಕರಿಕಲ್ಲಿನೊಳಗಿನ ದಿಕ್ಕಾದರೋ, ಕೆಲವು ಪದರಗಳಲ್ಲಿ ಉತ್ತರಕ್ಕೆ ಮುಖಮಾಡಿ ಮೇಲಕ್ಕೆ, ಹಲವು ಪದರಗಳಲ್ಲಿ ಪೂರ್ತಿ ತಿರುಗುಮುರುಗಾಗಿ ದಕ್ಷಿಣಕ್ಕೆ ಮುಖಮಾಡಿ ಕೆಳಕ್ಕೆ, ಬಹಳ ಕಡಿದಾಗಿ ಇರುತ್ತದೆ. ತಿರುಗುಮುರುಗಿಗೆ ಕಾರಣ ಭೂಮಿಯ ಧ್ರುವಗಳೇ ಆ ಕಾಲದಲ್ಲಿ ಅದಲುಬದಲಾಗಿದ್ದುದು. ಕಡಿದಾದ ಇಳಿಜಾರಿಗೆ ಅರ್ಥ ಒಂದೇ: ಈ ಕಲ್ಲು ಆರಿದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ, ಸುಮಾರು ೩೦ ಡಿಗ್ರಿ ಅಕ್ಷಾಂಶದ ಬಳಿಯಲ್ಲಿ. ಅಲ್ಲಿಂದ ಇಲ್ಲಿಗೆ ಸುಮಾರು ೫,೦೦೦ ಕಿಲೋಮೀಟರು. ಖಂಡಗಳು ಚಲಿಸುತ್ತವೆಂಬ ವಾದವನ್ನು ಪಂಡಿತರಲ್ಲಿ ಹೆಚ್ಚಿನವರು ಇನ್ನೂ ಒಪ್ಪದಿದ್ದ ಕಾಲದಲ್ಲಿ ಈ ಸಾಕ್ಷ್ಯವು ಹೊರಬಂದಿತೆಂಬುದನ್ನು ಗಮನಿಸಬೇಕು. ಆಮ್ಲಜನಕದ ಸೇತುವೆಯ ಮೇಲೆ ಕಣವೊಂದು ಇಣುಕುವುದೂ, ದೇಶವೊಂದು ಸಮುದ್ರವನ್ನು ದಾಟಿ ಬಂದುದೂ ಹೀಗೆ ಒಂದೇ ಕಲ್ಲಿನಲ್ಲಿ ಕೂಡಿಕೊಂಡಿವೆ.

ಮೂಡಲಗಿಯ ಎರೆಯಲ್ಲಿ ಈ ಹರಳುಗಳ ಗತಿ ಬೇರೆ. ನೀರು, ಗಾಳಿ, ಬಿಸಿಲುಗಳಿಗೆ ಸಿಕ್ಕಿ ಮ್ಯಾಗ್ನಟೈಟಿನ ದ್ವಿಸಂಯೋಗಿ ಕಬ್ಬಿಣವು ತನ್ನ ಆರನೆಯ ಕಣವನ್ನು ಕ್ರಮಕ್ರಮವಾಗಿ ಕಳೆದುಕೊಂಡು ತ್ರಿಸಂಯೋಗಿಯಾಗುತ್ತದೆ. ಕೆಲವು ಠಾವುಗಳು ಬರಿದಾಗುತ್ತವೆ. ಹೀಗೆ ಉಂಟಾಗುವ ಭಸ್ಮಕ್ಕೆ ಮ್ಯಾಗೆಮೈಟು ಎಂದು ಹೆಸರು. ಪರಮಾಣುಗಳ ಲೆಕ್ಕದಲ್ಲಿ ಅದು ಕೆಂಪು ಹೆಮಟೈಟೇ ಸರಿ. ಕಟ್ಟಡ ಮಾತ್ರ ಹಳೆಯ ಮ್ಯಾಗ್ನಟೈಟಿನದು. ಎರಡು ಬಗೆಯ ಠಾವುಗಳ ಸಂಖ್ಯೆ ಸಮವಲ್ಲವಾದ್ದರಿಂದ ಅದು ಈಗಲೂ ಬಲವಾದ ಸೂಜಿಗಲ್ಲು. ಆದರೆ ಹಾರಲು ಆರನೆಯ ಕಣವೇ ಇಲ್ಲದುದರಿಂದ ವಿದ್ಯುತ್ತಿಗೆ ಅದು ನಿರೋಧಕ. ಅಯಸ್ಕಾಂತಶಿಸ್ತಿಗೂ ವಿದ್ಯುತ್ಪ್ರವಾಹಕ್ಕೂ ಮೂಲಗಳು ಬೇರೆ ಬೇರೆ ಎಂಬುದನ್ನು ಪ್ರಯೋಗಶಾಲೆಯ ಹಂಗಿಲ್ಲದೆ ಹೊಲದ ಮಣ್ಣೇ ತೋರಿಸಿಕೊಟ್ಟಂತಾಯಿತು.

ಕೊನೆಗೆ ಒಂದು ಮಾತು. ಹಳ್ಳದಿಂದ ಹೆಕ್ಕಿದ ಕಪ್ಪು ಮರಳನ್ನು ದ್ರವರೂಪದ ಸಾರಜನಕದಲ್ಲಿ ಅದ್ದಿದರೆ ಅದು ನಿರಪೇಕ್ಷ ಮಾನದ ೭೭ ಡಿಗ್ರಿಗೆ ಇಳಿಯುತ್ತದೆ. ಫರ್ವೈಯ ಮಟ್ಟವಾದ ೧೨೦ ಡಿಗ್ರಿಯನ್ನು ದಾಟಿದಂತಾಯಿತು. ಆದರೂ ಎಲ್ಲ ಕಣಗಳಲ್ಲಿಯೂ ಆ ಥಟ್ಟನೆಯ ಬದಲಾವಣೆಯನ್ನು ನಿರೀಕ್ಷಿಸುವಂತಿಲ್ಲ. ನೂರಕ್ಕೆ ಕೆಲವೇ ಪಾಲು ಟೈಟೇನಿಯಮ್ ಬೆರೆತರೂ, ಗಾಳಿಯಿಂದ ಅಲ್ಪಸ್ವಲ್ಪ ತುಕ್ಕುಹಿಡಿದರೂ, ತ್ರಿಕಗಳ ವಿನ್ಯಾಸವು ಕದಡಿ ಆ ಮಟ್ಟವು ಕೆಳಗಿಳಿಯುತ್ತದೆ ಅಥವಾ ಇಲ್ಲವಾಗುತ್ತದೆ. ಅಯಸ್ಕಾಂತಶಿಸ್ತು ಇಷ್ಟು ಸಣ್ಣ ಕಲಬೆರಕೆಗೆ ಜಗ್ಗುವುದಿಲ್ಲ. ಇದರಿಂದ ಭೂವಿಜ್ಞಾನಿಗಳಿಗೊಂದು ಸುಲಭವಾದ ಪರೀಕ್ಷೆ ದೊರೆತಿದೆ: ಕಲ್ಲಿನ ಚೂರನ್ನು ತಣಿಸಿ ಮತ್ತೆ ಬೆಚ್ಚಗಾಗಿಸುತ್ತ ಅದರ ಅಯಸ್ಕಾಂತಬಲವನ್ನು ಅಳೆದಾಗ ೧೨೦ ಡಿಗ್ರಿಯ ಬಳಿ ಮೆಟ್ಟಿಲೊಂದು ಕಂಡರೆ, ಅದರಲ್ಲಿ ಶುದ್ಧವಾದ, ಗಾಳಿ ತಾಗದ ಮ್ಯಾಗ್ನಟೈಟು ಉಳಿದಿದೆಯೆಂದು ತಿಳಿಯತಕ್ಕದ್ದು.